ಯಲ್ಲಕ್ಕ ಕೊಟ್ಟ ಕಷ್ಟಗಳು

ಆ ವರ್ಷ ನಮ್ಮ ಎಂ.ಎಸ್.ಡಬ್ಲ್ಯು. ತರಗತಿಯಲ್ಲಿ ಕಷ್ಟಕ್ಕೆ ಇದ್ದಷ್ಟು ಬೇಡಿಕೆ ಬಂಗಾರಕ್ಕೂ ಇರಲಿಲ್ಲ. ಸಮಾಜಕಾರ್ಯ ಓದುವವರು ವಾರಕ್ಕೆ ಎರಡು ದಿನ ಫೀಲ್ಡ್ ವರ್ಕ್ ಅಂತ ಹಳ್ಳಿಗೋ ಆಸ್ಪತ್ರೆಗೋ ಹೋಗಬೇಕು. ಅಲ್ಲಿ ಕಷ್ಟದಲ್ಲಿರುವ ಒಬ್ಬರನ್ನು ಹುಡುಕಿ, ಅವರಿಗೆ 'ಕ್ಲೈಂಟ್' ಅಂತ ಹೆಸರಿಟ್ಟು, ಕಡಿಮೆಯೆಂದರೂ ಐದು ಸಲ ಎದುರು ಕೂತು ಮಾತನಾಡಿ, ಆಡಿದ್ದನ್ನೆಲ್ಲ ಬರೆದು ಒಪ್ಪಿಸಬೇಕು. ಇದಕ್ಕೆ ಕೇಸ್ ವರ್ಕ್ ಅನ್ನುತ್ತಾರೆ. ಕೇಸ್ ಇಲ್ಲದಿದ್ದರೆ ಫೀಲ್ಡ್ ವರ್ಕ್ ಫೇಲು. ಅದಕ್ಕೆ ಮರುಪರೀಕ್ಷೆ ಇಲ್ಲ, ವರ್ಷವೇ ಹೋಗುತ್ತದೆ.

ನನ್ನ ರೂಮ್‌ಮೇಟ್ ಬೃಂದಾಗೆ ಹಿರಿಯೂರಿನಲ್ಲಿ ಎಂಥ ಕೇಸ್ ಸಿಕ್ಕಿತ್ತು ಅಂತೀರಿ! ಗಂಡ ಕುಡುಕ, ಹೆಂಡತಿ ತವರು ಸೇರಿದ್ದಾಳೆ, ಅತ್ತೆಗೆ ಪಾರ್ಶ್ವವಾಯು. "ಒಂದೇ ಮನೇಲಿ ಮೂರು ಪ್ರಾಬ್ಲಮ್ ಕಣೇ" ಅಂತ ಹಾಸ್ಟೆಲ್ ತುಂಬ ಹೇಳಿಕೊಂಡು ಓಡಾಡಿದಳು. ನನಗೆ ಹೊಟ್ಟೆ ಉರಿದುಹೋಯಿತು. ಇನ್ನೊಬ್ಬರ ಸಂಸಾರ ಮುರಿದದ್ದು ಕೇಳಿ 'ಛೇ, ನನಗೆ ಸಿಗಲಿಲ್ಲವಲ್ಲ' ಅಂತ ಕೊರಗುವ ಪಾಪಿಗಳು ಈ ಲೋಕದಲ್ಲಿ ನಾವೇ ಇರಬೇಕು.

ನಾನು ಕಾವ್ಯಶ್ರೀ, ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದವಳು. ಅಪ್ಪ ಚಿಕ್ಕತಿಮ್ಮಪ್ಪ ಪಂಚಾಯಿತಿಯಲ್ಲಿ ವಾಟರ್‌ಮನ್. ನಲ್ಲಿಯಲ್ಲಿ ನೀರು ಬರದಿದ್ದರೆ ಬೀದಿಯವರೆಲ್ಲ ನಮ್ಮ ಮನೆ ಮುಂದೆ ನಿಂತು ಮಂಗಳಾರತಿ ಎತ್ತುತ್ತಾರೆ. ಹಾಗಾಗಿ ಜನರ ಕಷ್ಟ ಕೇಳುವುದು ನಮ್ಮ ಮನೆತನದ ಕಸುಬು. ನಾನು ಅದಕ್ಕೊಂದು ಡಿಗ್ರಿ ತಗೊಳ್ಳಲು ಚಿತ್ರದುರ್ಗಕ್ಕೆ ಬಂದೆ, ಅಷ್ಟೆ. ಬರುವಾಗ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ನಿಂತು ಖಡಾಖಂಡಿತವಾಗಿ ಹೇಳಿದ್ದ. "ಎರಡು ವರ್ಷ ಓದ್ಕ ಮಗಾ, ನಾನು ತಡದ್ರೆ ಕೇಳು. ಮೂರನೇ ವರ್ಷ ಅಂತ ಬಾಯಿ ಬಿಟ್ಯೋ, ನಿಮ್ಮ ಮಾವ ತೋರ್ಸಿದ ಗಂಡಿಗೆ ತಲೆ ಬಗ್ಗಿಸಾದೆ ಸೈ." ಮಾವ ತೋರಿಸುತ್ತಿದ್ದ ಗಂಡನ್ನು ನಾನು ನೋಡಿದ್ದೆ. ಅದಕ್ಕೇ ನಾನು ಫೇಲಾಗುವ ಹಾಗಿರಲಿಲ್ಲ.

ನನಗೆ ಕೊಟ್ಟಿದ್ದ ಊರು ಮೇಗಳಹಟ್ಟಿ. ಚಿತ್ರದುರ್ಗದಿಂದ ಭೀಮಸಮುದ್ರಕ್ಕೆ ಬಸ್ಸು, ಅಲ್ಲಿಂದ ಅಡಿಕೆ ಮೂಟೆ ಇಳಿಸಿ ವಾಪಸಾಗುವ ಟ್ರ್ಯಾಕ್ಟರೋ, ಯಾರದೋ ಬೈಕೋ, ಎರಡೂ ಸಿಗದಿದ್ದರೆ ದೇವರು ಕೊಟ್ಟ ಕಾಲು. ಕುರಿ ಸಾಕುವವರ ಅರವತ್ತು ಮನೆ. ಗುರುವಾರ, ಶುಕ್ರವಾರ ನಾನು ಬ್ಯಾಗು ನೇತುಹಾಕಿಕೊಂಡು ಮನೆಮನೆಗೆ ಹೋಗಿ "ನಿಮಗೇನಾದರೂ ಕಷ್ಟ ಇದೆಯಾ?" ಅಂತ ಕೇಳುತ್ತಿದ್ದೆ.

"ನಮಗೇನವ್ವ ಕಷ್ಟ? ದೇವ್ರು ಚೆನ್ನಾಗಿಟ್ಟವ್ನೆ. ಕುಂತ್ಕಳ್ರಿ, ಚಾ ಕುಡೀರಿ."

ಹೋದ ಮನೆಯಲ್ಲೆಲ್ಲ ಇದೇ ಉತ್ತರ. ಒಳಗೆ ಗಂಡ ಹೆಂಡತಿ ಪಾತ್ರೆ ಎಸೆದಾಡಿದ ಸದ್ದು ನನ್ನ ಕಿವಿಗೇ ಕೇಳಿರುತ್ತಿತ್ತು. ನಾನು ಬಾಗಿಲಿಗೆ ಹೋದ ಕೂಡಲೇ ಇಬ್ಬರೂ ನಗುನಗುತ್ತ ಚಾಪೆ ಹಾಸುತ್ತಿದ್ದರು. ಹೊರಗಿನವರ ಮುಂದೆ ಮನೆಯ ಕಷ್ಟ ಆಡಿಕೊಳ್ಳುವುದೆಂದರೆ ಅಲ್ಲಿ ಮಾನ ಕಳೆದುಕೊಂಡ ಹಾಗೆ. ಒಂದೇ ದಿನ ಹದಿನಾಲ್ಕು ಲೋಟ ಚಾ ಕುಡಿದು ಎದೆ ಉರಿಸಿಕೊಂಡು ಹಾಸ್ಟೆಲಿಗೆ ಬಂದದ್ದೂ ಇದೆ. ನಮ್ಮ ಮೇಲ್ವಿಚಾರಕರು ಮರುಳಸಿದ್ದಪ್ಪ ಸರ್, ಪ್ರತಿ ಶನಿವಾರ ಹಸಿರು ಪೆನ್ನು ಹಿಡಿದು ನನ್ನ ಖಾಲಿ ಪುಸ್ತಕದ ಮೇಲೆ ಟಕಟಕ ಬಡಿಯುತ್ತಿದ್ದರು. "ಎಲ್ಲಮ್ಮಾ ಕ್ಲೈಂಟ್? ಅರವತ್ತು ಮನೆಯಲ್ಲಿ ಒಂದು ಕಷ್ಟ ಇಲ್ಲ ಅಂದರೆ ಅದು ಹಟ್ಟಿಯಲ್ಲ, ಸ್ವರ್ಗ. ನಾನೂ ಅಲ್ಲೇ ಸೈಟ್ ತಗೋತೀನಿ ಬಿಡು!"

ಹೀಗೆ ಅರ್ಧ ಸೆಮಿಸ್ಟರ್ ಕಳೆದ ಮೇಲೆ ಒಂದು ಗುರುವಾರ ಯಲ್ಲಕ್ಕ ಸಿಕ್ಕಿತು.

ಹಟ್ಟಿಯ ಕೊನೆಯ ಮನೆ. ಕುರಿ ಕೂಡುವ ರೊಪ್ಪದ ಮುಂದೆ ಕಲ್ಲು ಕಟ್ಟೆಯ ಮೇಲೆ ಎಪ್ಪತ್ತರ ಅಜ್ಜಿ ಕೂತಿತ್ತು. ಸುತ್ತ ಹತ್ತು ಹನ್ನೆರಡು ಎಳೆ ಮರಿಗಳು. ದೊಡ್ಡ ಹಿಂಡು ಹೊಡೆದುಕೊಂಡು ಮಗ ಹೊರಟರೆ, ಮರಿ ನೋಡಿಕೊಳ್ಳುವುದು ಯಲ್ಲಕ್ಕನ ಪಾಲು. ನಾನು ಬಿಸಿಲಲ್ಲಿ ಬೆಂದು, ಚಪ್ಪಲಿಯ ಉಂಗುಷ್ಠ ಕಿತ್ತು, ಪಟಕ್ ಪಟಕ್ ಅಂತ ಕಾಲೆಳೆದುಕೊಂಡು ಬಂದಿದ್ದೆ. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ. ಪುಸ್ತಕದಲ್ಲಿ ಹೇಳಿದ ನಯ ನಾಜೂಕು ಎಲ್ಲ ಮರೆತು ಅಳುಬುರುಕ ದನಿಯಲ್ಲಿ ಕಿರುಚಿಬಿಟ್ಟೆ. "ಅಜ್ಜಿ, ಈ ಹಟ್ಟೀಲಿ ಯಾರಿಗೂ ಒಂದು ಕಷ್ಟವೂ ಇಲ್ವಾ? ಒಂದೇ ಒಂದು ಕಷ್ಟ ಸಿಗದಿದ್ರೆ ನಾನು ಫೇಲು!"

ಯಲ್ಲಕ್ಕ ನನ್ನ ಕಡೆ ಮುಖ ತಿರುಗಿಸಿತು. "ಒಂದು ಸಿಕ್ರೆ ಸಾಕೇನವ್ವ?"

"ಸಾಕಜ್ಜಿ."

ಅಜ್ಜಿ ಮಡಿಲಲ್ಲಿದ್ದ ಮರಿಯ ಕಿವಿ ಸವರುತ್ತ ಸ್ವಲ್ಪ ಹೊತ್ತು ಯೋಚಿಸಿತು. "ಹಂಗಾದ್ರೆ ಕುಂತ್ಕ. ಬರ್ಕ. ನನ್ನ ಮಗ ರಂಗಸ್ವಾಮಿ ಮೂರು ವರ್ಷದಿಂದ ನನ್ನ ಮಾತಾಡ್ಸಿಲ್ಲ."

ನನ್ನ ಎದೆ ಖುಷಿಯಿಂದ ಕುಣಿಯಿತು. ದೇವರೇ ಕಣ್ಣುಬಿಟ್ಟ ಅಂದುಕೊಂಡು ಪೆನ್ನು ತೆಗೆದೆ.

ಎರಡನೇ ಸಲ ಹೋದಾಗ ಸೊಸೆಯ ಸರದಿ. ಭಾಗ್ಯ ಅಂತ ಅವಳ ಹೆಸರು, ಅಡಿಕೆ ಸುಲಿಯಲು ಭೀಮಸಮುದ್ರಕ್ಕೆ ಹೋಗುತ್ತಾಳೆ. ಅತ್ತೆಗೆ ಹಳಸಿದ ಮುದ್ದೆ ಇಟ್ಟು, ಹಾಲಿನ ಪಾತ್ರೆಗೆ ಬೀಗ ಹಾಕಿ ಹೋಗುತ್ತಾಳಂತೆ. ನಾನು ಒಂದಕ್ಷರವೂ ಬಿಡದೆ ಬರೆದುಕೊಂಡೆ. ಆಮೇಲೆ ಅಜ್ಜಿ ತಾನೇ ಒಳಗೆ ಹೋಗಿ ಚಾ ಮಾಡಿಕೊಂಡು ಬಂತು. ಬಾಯಿಗಿಟ್ಟರೆ ಉಪ್ಪು! ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣಲ್ಲಿ ನೀರು ಬಂತು. ಅಂದಿನ ವರದಿಯಲ್ಲಿ ನಾನು, 'ಕ್ಲೈಂಟ್ ಕಾರ್ಯಕರ್ತೆಯ ಬಗ್ಗೆ ಒಳಗೊಳಗೇ ಪ್ರತಿರೋಧ ತೋರುತ್ತಿದ್ದಾರೆ. ಚಹಾಕ್ಕೆ ಉಪ್ಪು ಹಾಕಿದ್ದು ಅದರ ಲಕ್ಷಣ' ಅಂತ ಬರೆದೆ. ಸರ್ ಅದರ ಪಕ್ಕ ಹಸಿರು ಶಾಯಿಯಲ್ಲಿ 'ಒಳ್ಳೆಯ ಗಮನಿಕೆ' ಅಂತ ಬರೆದರು. ನನಗೆ ಕೋಡು ಮೂಡಿತು.

ಮೂರನೇ ಸಲ ಯಲ್ಲಕ್ಕ ನನ್ನನ್ನು ಹತ್ತಿರ ಕರೆದು, ರಂಗಸ್ವಾಮಿ ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಕೂಸು ಅದಲುಬದಲಾಗಿರಬಹುದು ಅಂತ ಪಿಸುಗುಟ್ಟಿತು. ನಾನು ಅದನ್ನೂ ಬರೆದುಕೊಂಡೆ! ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಸರ್ ಮಾತ್ರ ಆ ಪುಟದ ಮೇಲೆ ತುಂಬ ಹೊತ್ತು ಪೆನ್ನು ಆಡಿಸುತ್ತ ಕೂತರು. "ಇದು ಎಲ್ಲೋ ಕೇಳಿದ ಹಾಗಿದೆಯಲ್ಲಮ್ಮ" ಅಂದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, "ಮಗ, ಸೊಸೆಯನ್ನೂ ಭೇಟಿ ಮಾಡು. ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ" ಅಂದರು.

ಇನ್ನೊಂದು ಮಾತು ಹೇಳಬೇಕು. ಕ್ಲೈಂಟ್ ಜೊತೆ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಬೇಕು, ನಂಬಿಕೆ ಬೆಳೆದಿದೆಯೋ ಇಲ್ಲವೋ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ ಅಂತ ನಮಗೆ ಪಾಠ. ಯಲ್ಲಕ್ಕ ಮಾತನಾಡುವಾಗ ಮುಖ ನನ್ನ ಕಡೆಯಿಂದ ಒಂದಿಷ್ಟೂ ಆಚೆ ಈಚೆ ಮಾಡುತ್ತಿರಲಿಲ್ಲ. ನಾನು ಓಣಿಯ ತಿರುವಿನಲ್ಲಿದ್ದಾಗಲೇ, ಇನ್ನೂ ಬಾಯಿ ತೆರೆಯುವ ಮುಂಚೆಯೇ, "ಬಂದೇನವ್ವ, ಬರಿಯೋ ಹುಡ್ಗಿ?" ಅನ್ನುತ್ತಿತ್ತು. ಮೂರೂ ವರದಿಯಲ್ಲಿ 'ಕ್ಲೈಂಟ್ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿದರು' ಅಂತ ಬರೆದು ಅಡಿಗೆರೆ ಎಳೆದಿದ್ದೆ.

ಮಗ, ಸೊಸೆ ವಾರದ ದಿನ ಸಿಗುವುದಿಲ್ಲ ಅಂತ ನಾನು ಭಾನುವಾರ ಹೋದೆ. ಬಸ್ಸಿನುದ್ದಕ್ಕೂ ಹಿರಿಯ ನಾಗರಿಕರ ಕಾನೂನು ಬಾಯಿಪಾಠ ಮಾಡಿಕೊಂಡು, ಮೈಯೆಲ್ಲ ಕಾದ ಹಂಚು ಮಾಡಿಕೊಂಡು ಹೋದೆ. ಅಂಗಳದಲ್ಲಿ ಮೂವತ್ತರ ಆಸುಪಾಸಿನ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು.

"ನೀವೇನಾ ಭಾಗ್ಯ?"

"ಹೂಂ ಕಣ್ರಿ. ಬರ್ರಿ, ನೀವೇ ಅಲ್ಲೇನ್ರಿ ನಮ್ಮತ್ತೆ ಹೇಳ್ತಿದ್ದ..."

ನಾನು ಮುಂದೆ ಮಾತನಾಡಲು ಬಿಟ್ಟರೆ ತಾನೆ! "ವಯಸ್ಸಾದವರಿಗೆ ಹಳಸಿದ್ದು ಹಾಕೋದು, ಹಾಲಿಗೆ ಬೀಗ ಹಾಕೋದು, ಇದೆಲ್ಲ ಅಪರಾಧ ಗೊತ್ತೇನ್ರಿ? ಇದಕ್ಕೆ ಕಾನೂನಿದೆ! ನಾಳೆ ನಿಮಗೂ ವಯಸ್ಸಾಗುತ್ತೆ!" ಅಂತ ಒಂದೇ ಉಸಿರಿಗೆ ಶುರು ಹಚ್ಚಿಕೊಂಡೆ. ಅಕ್ಕಪಕ್ಕದ ಮನೆಯವರು ಬಂದು ನಿಂತರು. ನನಗೆ ಇನ್ನಷ್ಟು ಹುರುಪು ಬಂತು. ಭಾಗ್ಯ ಬೂದಿ ಕೈಯಲ್ಲೇ ಎದ್ದು ನಿಂತು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಒಳಗಿನಿಂದ ಗಂಡಸಿನ ದನಿ ಕೇಳಿತು. "ಇನ್ನೊಂದೀಟು ಸಾರು ಬಿಡ್ಲೇನವ್ವ? ಮುದ್ದೆ ಸಣ್ಣದಾತು ಅಂತ ಮುನಿಸ್ಕಂಬ್ಯಾಡ, ಇನ್ನೊಂದು ಐತೆ." ಬಾಗಿಲಿನಿಂದ ಇಣುಕಿದೆ. ಮೂರು ವರ್ಷದಿಂದ ತಾಯಿಯನ್ನು ಮಾತನಾಡಿಸದ ರಂಗಸ್ವಾಮಿ, ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತು ತಟ್ಟೆಗೆ ಸಾರು ಬಿಡುತ್ತಿದ್ದ. ಪಕ್ಕದಲ್ಲಿ ಬೀಗವಿಲ್ಲದ ಪಾತ್ರೆಯ ತುಂಬ ಹಾಲಿತ್ತು.

"ನಮ್ಮತ್ತೆಗೆ ನಾನು ಹಳಸಿದ್ದು ಇಕ್ತೀನಾ?" ಭಾಗ್ಯ ಕೇಳಿದಳು. "ಯಾರ್ರಿ ಹೇಳಿದ್ದು?"

"ಅವರೇ ಹೇಳಿದ್ದು."

"ಅತ್ತೇ!"

ಒಳಗಿನಿಂದ ಯಲ್ಲಕ್ಕ ತುತ್ತು ನುಂಗುತ್ತ ಹೇಳಿತು. "ಬೈಬ್ಯಾಡ ಕಣೇ ಭಾಗ್ಯಾ. ಆ ಹುಡ್ಗೀಗೆ ಬರ್ಕಳಾಕೆ ಒಂದು ಕಷ್ಟ ಬೇಕಾಗಿತ್ತು. ಅದ್ಕೇ ಕೊಟ್ಟೆ."

ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ರಂಗಸ್ವಾಮಿ ನಗು ತಡೆಯಲು ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಭಾಗ್ಯಳೂ ನಕ್ಕಳು. "ಎತ್ತು ಈದೈತೆ ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂಬೋರು ಇರ್ತಾರೆ ಅಂತ ಕೇಳಿದ್ದೆ ಮೇಡಮ್ಮಾರೆ. ಇವತ್ತು ಕಣ್ಣಾರೆ ನೋಡಿದೆ ನೋಡ್ರಿ!" ಆದರೆ ನಗು ಮುಗಿಯುವಷ್ಟರಲ್ಲಿ ಅವಳ ಕಣ್ಣು ಒದ್ದೆಯಾಗಿತ್ತು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಕಾಲೇಜಿನಾಗೆ ಹಂಗೇ ಬರ್ದಿದೀರಾ? ನನ್ನ ಹೆಸರು ಹಾಕಿ?"

ನಾನು ತಲೆ ತಗ್ಗಿಸಿದೆ. "ಅಳಿಸ್ರಿ ಅದನ್ನ" ಅಂದು, ಕೊಡ ಎತ್ತಿಕೊಂಡು ನೀರಿಗೆ ಹೋದಳು. ರಂಗಸ್ವಾಮಿ ಕುರಿ ಬಿಡಲು ಹೋದ. ಜನ ಚದುರಿದರು. ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನುವಷ್ಟು ನಾಚಿಕೆಯಾಗಿ ನಾನು ಕಟ್ಟೆಯ ಮೇಲೆ ಕುಸಿದೆ. ಯಲ್ಲಕ್ಕ ಬಂದು ಪಕ್ಕದಲ್ಲಿ ಕೂತಿತು.

"ಯಾಕಜ್ಜಿ ಹೀಗೆ ಮಾಡಿದ್ರಿ?"

"ನಾನು ಲಗ್ನಾಗಿ ಈ ಮನೆಗೆ ಬಂದಾಗ ನಮ್ಮತ್ತೆ ಒಂದೇ ಮಾತು ಹೇಳಿದ್ಲು. ಬಾಗ್ಲಿಗೆ ಬಂದೋರ್ನ ಬರಿಗೈಲಿ ಕಳಿಸ್ಬ್ಯಾಡ ಅಂತ. ರಾಗಿ ಕೇಳಿದೋರಿಗೆ ರಾಗಿ ಕೊಟ್ಟೀನಿ, ಮಜ್ಜಿಗೆ ಕೇಳಿದೋರಿಗೆ ಮಜ್ಜಿಗೆ ಕೊಟ್ಟೀನಿ. ನೀನು ಬಂದು ಕಷ್ಟ ಕೇಳಿದೆ. ಮನೇಲಿ ಇರ್ಲಿಲ್ಲ. ಪಕ್ಕದ ಮನೆ ಟಿ.ವಿ.ಲಿ ಬೇಕಾದಷ್ಟು ಬರ್ತಿದ್ವು, ಅಲ್ಲಿಂದ ತಂದು ಕೊಟ್ಟೆ."

ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯದೆ, ಬಂದದ್ದಕ್ಕೆ ಹಾಜರಿಯಾದರೂ ಆಗಲಿ ಅಂತ ಫೀಲ್ಡ್ ಪುಸ್ತಕ ತೆಗೆದೆ. ಪ್ರತಿ ಭೇಟಿಗೂ ಕ್ಲೈಂಟ್ ಹೆಬ್ಬೆಟ್ಟು ಬೇಕು. ಹಿಂದೆಲ್ಲ ಬಸ್ಸಿನ ಅವಸರದಲ್ಲಿ ನಾನೇ ಅಜ್ಜಿಯ ಕೈ ಹಿಡಿದು ಒತ್ತಿಸುತ್ತಿದ್ದೆ. ಅಂದು ಕೋಪಕ್ಕೆ ಪುಸ್ತಕವನ್ನು ಕಟ್ಟೆಯ ಮೇಲೆ ಇಟ್ಟು, ಶಾಯಿ ಪ್ಯಾಡನ್ನು ಕೈಗೆ ಕೊಟ್ಟು, "ಇಲ್ಲಿ ಒತ್ತಿ" ಅಂದು ಸುಮ್ಮನೆ ಕೂತೆ.

ಯಲ್ಲಕ್ಕ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು, ಕೈ ಮುಂದೆ ಚಾಚಿ, ಪುಸ್ತಕದಿಂದ ಒಂದು ಗೇಣು ಆಚೆ, ಬರಿ ಕಲ್ಲಿನ ಮೇಲೆ ಜೋಪಾನವಾಗಿ ಒತ್ತಿತು.

"ಆತೇನವ್ವ?" ಅಂತ ನನ್ನ ಕಡೆ ಮುಖ ಮಾಡಿತು.

ನಾನು ಮೊದಲ ಸಲ ಆ ಕಣ್ಣುಗಳನ್ನು ನೋಡಿದೆ. ಎರಡರಲ್ಲೂ ಹಾಲಿನ ಕೆನೆಯ ಬಣ್ಣದ ಪೊರೆ. ಅವು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ದನಿ ಬರುವ ದಿಕ್ಕಿಗೆ ತಿರುಗಿದ್ದವು ಅಷ್ಟೆ. ಓಣಿಯ ತಿರುವಿನಲ್ಲಿ ಅಜ್ಜಿ ಗುರುತಿಸುತ್ತಿದ್ದುದು ನನ್ನನ್ನಲ್ಲ, ನನ್ನ ಕಿತ್ತ ಚಪ್ಪಲಿಯ ಸದ್ದನ್ನು. ಚಾಕ್ಕೆ ಉಪ್ಪು ಬಿದ್ದದ್ದು ಪ್ರತಿರೋಧದಿಂದಲ್ಲ. ಡಬ್ಬಿ ಕಾಣದೆ ಬಿದ್ದದ್ದು.

"ಅಜ್ಜಿ, ನಾನು ಕಾಣ್ತೀನಾ ನಿಮಗೆ?"

ಅಜ್ಜಿ ಮನೆಯ ಕಡೆ ಒಮ್ಮೆ ಕಿವಿಗೊಟ್ಟಿತು. ಆಮೇಲೆ ಯಲ್ಲಕ್ಕ ದನಿ ತಗ್ಗಿಸಿತು. "ಬೆಳಕು ಕಾಣ್ತೈತೆ. ಆಳು ನೆಳ್ಳಿನಂಗೆ ಕಾಣ್ತೈತೆ. ಮಖ ಕಾಣಲ್ಲ. ಎರಡು ವರ್ಷಾತು."

"ಮಗನಿಗೆ ಹೇಳಿಲ್ವಾ?"

"ಹೇಳಿದ್ರೆ? 'ಕಣ್ಣು ಕಾಣ್ದಿದ್ದೋಳು ಮರಿ ಹೆಂಗವ್ವ ಕಾಯ್ತೀಯ' ಅಂತ ಅವತ್ತೇ ಮರಿ ಕಿತ್ಕಂಡು, ಮೂಲೇಲಿ ಚಾಪೆ ಹಾಕಿ ಕುಂದ್ರುಸ್ತಾನೆ. ಪ್ರೀತಿಗೇ ಮಾಡ್ತಾನೆ, ಬ್ಯಾರೆ ಯಾಕೂ ಅಲ್ಲ. ಈ ಅಂಗಳ ಐವತ್ತು ವರ್ಷ ತುಳಿದೀನಿ, ಕಣ್ಣು ಬೇಕಾಗಿಲ್ಲ. ಮರಿ ಬೆನ್ನು ಮುಟ್ಟಿದ್ರೆ ಯಾವ ತಾಯಿದು ಅಂತ ಹೇಳ್ತೀನಿ. ಮರಿ ಹೋದ್ರೆ ನಾನು ಯಾತಕ್ಕೆ ಏಳ್ಬೇಕು ಬೆಳಿಗ್ಗೆ?"

ಅದು ಪೊರೆ, ತೆಗೆಸಿದರೆ ಕಾಣುತ್ತದೆ, ಹೊಳಲ್ಕೆರೆಯಲ್ಲಿ ಪುಕ್ಕಟೆ ಶಿಬಿರ ನಡೆಯುತ್ತದೆ ಅಂತ ಎಷ್ಟು ಹೇಳಿದರೂ ಅಜ್ಜಿ ಜಗ್ಗಲಿಲ್ಲ. ಹೋಗುವುದೆಂದರೆ ಮೊದಲು ಹಟ್ಟಿಗೆಲ್ಲ ತಿಳಿಯಬೇಕು, ಆಮೇಲೆ ಕಾಣದೆ ಹೋದರೆ ಮರಿಯೂ ಹೋಯಿತು ಮಾನವೂ ಹೋಯಿತು. "ಇದನ್ನ ಬರೀಬ್ಯಾಡ. ಯಾರ ಹತ್ರಾನೂ ಆಡಬ್ಯಾಡ. ಭಾಷೆ ಕೊಡು" ಅಂತ ಕೈ ಚಾಚಿತು. ಆ ಒರಟು ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟೆ. ಕೊಡುವಾಗಲೇ ಗೊತ್ತಿತ್ತು, ನನ್ನ ವರ್ಷ ಮುಗಿಯಿತು ಅಂತ. ಹುಡುಕಿ ಹುಡುಕಿ ಸಿಕ್ಕ ನಿಜವಾದ ಕಷ್ಟವನ್ನು ಬರೆಯುವ ಹಾಗಿಲ್ಲ, ಬರೆದಿಟ್ಟ ಕಷ್ಟಗಳು ಸುಳ್ಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಸೋಮವಾರ ಸರ್ ಮುಂದೆ ನಿಂತು, ಮೂರೂ ವರದಿ ವಾಪಸ್ ಕೊಡಿ, ಎಲ್ಲ ಸುಳ್ಳು ಅಂದೆ.

ಸರ್‌ಗೆ ಆಶ್ಚರ್ಯವೇನೂ ಆಗಲಿಲ್ಲ. "ನಾನೇ ಹೇಳಬೇಕು ಅಂತಿದ್ದೆ. ಕೂಸು ಬದಲಾದದ್ದು ನಮ್ಮನೆಯವಳಿಗೂ ಗೊತ್ತು. ಮುಂದಿನ ವಾರ ಡಿ.ಎನ್.ಎ. ಟೆಸ್ಟ್ ಇದೆಯಂತೆ, ರಾತ್ರಿ ಎಂಟಕ್ಕೆ." ಆಮೇಲೆ ಕನ್ನಡಕ ತೆಗೆದಿಟ್ಟರು. "ಸರಿ. ನಿಜವಾದ ಕಷ್ಟ ಏನಾದರೂ ಇದೆಯಾ?"

"ಇದೆ ಸರ್. ಹೇಳಲ್ಲ. ಭಾಷೆ ಕೊಟ್ಟಿದ್ದೀನಿ."

"ನನಗೂ ಹೇಳಲ್ವಾ?"

"ನಿಮಗೂ ಇಲ್ಲ ಸರ್."

ಸರ್ ಕಿಟಕಿಯ ಕಡೆ ನೋಡಿದರು. "ಕ್ಲೈಂಟ್ ಗುಟ್ಟು ಕಾಪಾಡಬೇಕು ಅಂತ ಕಲಿಸಿದ್ದು ನಾನೇ. ನೀನು ಕಲಿತುಬಿಟ್ಟೆ, ಅದು ನನ್ನ ಗ್ರಹಚಾರ. ಆದರೆ ಖಾಲಿ ಹಾಳೆಗೆ ಅಂಕ ಹಾಕೋಕೆ ನನಗೆ ಬರಲ್ಲ ತಾಯಿ. ಶನಿವಾರ ಕೊನೆ ದಿನ" ಅಂದು, ಮೂರೂ ವರದಿಗಳನ್ನು ನನ್ನ ಕಡೆ ತಳ್ಳಿದರು.

ಸಂಜೆ ಬೃಂದಾ ನನ್ನನ್ನು ಚಂದ್ರವಳ್ಳಿಗೆ ಎಳೆದುಕೊಂಡು ಹೋಗಿ, ಕೆರೆಯ ಪಕ್ಕ ಕೂರಿಸಿ ಬುದ್ಧಿ ಹೇಳಿದಳು. "ಹುಚ್ಚೀ, ಅದನ್ನೇ ಮತ್ತೆ ಇಟ್ಟುಬಿಡು. ಸಾರ್ ಕಾಲಿಗೆ ಬಿದ್ದರೆ ಕರಗ್ತಾರೆ." ಇಡಬಹುದಿತ್ತು. ಆದರೆ ಆ ಹಾಳೆಗಳು ಡಿಪಾರ್ಟ್‌ಮೆಂಟಿನ ಬೀರುವಿನಲ್ಲಿ ಹತ್ತು ವರ್ಷ ಇರುತ್ತವೆ, ಅತ್ತೆಗೆ ಹಳಸಿದ್ದು ಹಾಕಿದವಳು ಅಂತ ಭಾಗ್ಯಳ ಹೆಸರು ಹೊತ್ತುಕೊಂಡು. ನಾನು ಅಲ್ಲೇ ಮೂರೂ ವರದಿ ಹರಿದು ಚೂರು ಮಾಡಿ ಬ್ಯಾಗಿಗೆ ತುಂಬಿಕೊಂಡೆ. ಅಷ್ಟರಲ್ಲಿ ಅಪ್ಪನ ಫೋನು ಬಂತು. "ಎಲ್ಲಾ ಸರಿಯಾಗೈತೇನ ಮಗಾ?" "ಐತಪ್ಪಾ" ಅಂದೆ. ಫೋನಿಟ್ಟ ಮೇಲೆ ಬೃಂದಾಳ ಹೆಗಲ ಮೇಲೆ ತಲೆಯಿಟ್ಟು ಹುಚ್ಚಿಯ ಹಾಗೆ ಅತ್ತೆ.

ಗುರುವಾರ ಮೇಗಳಹಟ್ಟಿಗೆ ಹೋದದ್ದು ಹೋಗಿ ಬರುತ್ತೇನೆ ಅಂತ ಹೇಳಲು. ಮೊದಲು ಭಾಗ್ಯಳಿಗೆ ಕ್ಷಮಿಸಿ ಅಂದೆ, ಹರಿದ ಚೂರುಗಳನ್ನು ತೋರಿಸಿದೆ. ಅವಳು ಅಂದು ಕೆಲಸಕ್ಕೆ ಹೋಗಿರಲಿಲ್ಲ. ರೊಪ್ಪದ ಬೇಲಿಗೆ ಮುಳ್ಳು ಕಟ್ಟಲು ರಂಗಸ್ವಾಮಿಯೂ ಮನೆಯಲ್ಲಿದ್ದ. ಚೂರುಗಳನ್ನು ತೆಗೆದುಕೊಂಡು ಒಲೆಗೆ ಹಾಕಿ, "ಚಾ ಕುಡ್ದು ಹೋಗ್ರಿ" ಅಂದಳು.

ನಾನು ಯಲ್ಲಕ್ಕನ ಪಕ್ಕ ಕಟ್ಟೆಯ ಮೇಲೆ ಕೂತೆ.

"ಯಾಕವ್ವ, ಇವತ್ತು ಪೆನ್ನಿನ ಸದ್ದೇ ಇಲ್ಲ?"

"ಬರೆಯೋದೆಲ್ಲ ಮುಗೀತಜ್ಜಿ. ನಾನು ಪಾಸಾದೆ."

ಯಲ್ಲಕ್ಕ ಫಕ್ಕನೆ ನಕ್ಕಿತು. "ಸುಳ್ಳು ಹೇಳಾದ ಮೊದ್ಲು ನನ್ನತ್ರ ಕಲ್ತ್ಕ. ಪಾಸಾದೋಳ ದನಿ ಹಿಂಗೆ ಒದ್ದೆ ಬಟ್ಟೆಯಂಗೆ ಜೋತು ಬೀಳಲ್ಲ. ನಿಜ ಹೇಳು."

ಬೇಡ ಬೇಡವೆಂದರೂ ಬಿಡದೆ ಒಂದೊಂದಾಗಿ ಕೇಳಿ ಬಾಯಿ ಬಿಡಿಸಿತು. ಹೆರೆದು ಹೆರೆದು ಕೇಳುವ ಆ ಜಾಣತನ ನನಗೆ ಎರಡು ವರ್ಷ ಕಲಿತರೂ ಬಂದಿರಲಿಲ್ಲ. ವರ್ಷ ಹೋಗುವುದು, ಅಪ್ಪನ ಮಾತು, ಮಾವ ತೋರಿಸಿದ ಗಂಡು, ಆ ಗಂಡಿನ ಮೀಸೆ, ಎಲ್ಲ ಹೇಳಿಬಿಟ್ಟೆ. ಕೊನೆಗೆ, "ನೀವು ಅದನ್ನು ತಲೆಗೆ ಹಚ್ಚಿಕೋಬೇಡಿ ಅಜ್ಜಿ. ಭಾಷೆ ಭಾಷೆಯೇ" ಅಂದೆ.

ಯಲ್ಲಕ್ಕ ಸುತ್ತಲಿದ್ದ ಮರಿಗಳ ಬೆನ್ನು ಒಂದೊಂದಾಗಿ ಮುಟ್ಟುತ್ತ ಬಂತು. ಕೊನೆಯ ಮರಿಯ ಬೆನ್ನ ಮೇಲೆ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅಜ್ಜಿ ಎದ್ದು ನಿಂತು, ಹಟ್ಟಿಗೆಲ್ಲ ಕೇಳುವ ಹಾಗೆ ಕೂಗಿತು.

"ಲೇ ರಂಗಸ್ವಾಮೀ! ಬಾರಲೇ ಇಲ್ಲಿ! ಭಾಗ್ಯಾ, ನೀನೂ ಬಾ!"

ಇಬ್ಬರೂ ಓಡಿ ಬಂದರು. ಅಕ್ಕಪಕ್ಕದವರೂ ತಲೆ ಹಾಕಿದರು.

"ನನಗೆ ಎರಡು ವರ್ಷದಿಂದ ಕಣ್ಣು ಕಾಣಲ್ಲ. ನಿಮಗೆ ಹೇಳಿರ್ಲಿಲ್ಲ, ಈಗ ಹೇಳ್ತಿದೀನಿ. ನನಗೇನೂ ಅದ್ರಿಂದ ಅಡ್ಡಿ ಇಲ್ಲ. ಆದ್ರೆ ಈ ಹುಡ್ಗಿ ಪಾಸಾಗ್ಬೇಕಂತೆ, ಅದಕ್ಕೆ ನನ್ನ ಕಣ್ಣಿನ ಪೊರೆ ಬೇಕಂತೆ. ಬಾಗ್ಲಿಗೆ ಬಂದು ಕೇಳ್ತಾವ್ಳೆ, ಇಲ್ಲ ಅನ್ನಾಕಾಗ್ತೈತಾ? ಹೊಳಲ್ಕೆರೆಗೆ ಹೋಗಿ ತೆಗಿಸಿ ಕೊಟ್ಟು ಬರಾಣ ನಡೀರಿ!"

ರಂಗಸ್ವಾಮಿ ನಿಂತಲ್ಲೇ ಕೂತುಬಿಟ್ಟ. "ಎರಡು ವರ್ಷಾನಾ? ಯಾಕವ್ವಾ ಹೇಳ್ಲಿಲ್ಲ?"

"ಹೇಳಿದ್ರೆ ಮರಿ ಕಿತ್ಕಂತಿದ್ದೆ."

"ಇಲ್ಲ ಕಣವ್ವಾ. ಜುಂಜಪ್ಪನಾಣೆ, ಕಣ್ಣು ಬರ್ಲಿ ಬರ್ದಿರ್ಲಿ, ಮರಿ ನಿನ್ನವೇ" ಅಂದು, ಅಂಥ ಗಟ್ಟಿ ಆಳು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. ಭಾಗ್ಯ ಅತ್ತೆಯ ಕೈ ಹಿಡಿದುಕೊಂಡು, "ಅದ್ಕೇ ಚಾಕ್ಕೆ ಉಪ್ಪು ಬೀಳ್ತಿತ್ತಾ? ನನ್ನ ಮೇಲಿನ ಸಿಟ್ಟಿಗೆ ಹಾಕ್ತೀಯ ಅಂದ್ಕಂಡಿದ್ನಲ್ಲತ್ತೆ" ಅಂದಳು. ಪ್ರತಿರೋಧ ಅಂತ ತಿಳಿದದ್ದು ನಾನೊಬ್ಬಳೇ ಅಲ್ಲ ಅಂತ ನನಗೆ ಅಷ್ಟರಮಟ್ಟಿಗೆ ಸಮಾಧಾನವಾಯಿತು.

ಯಲ್ಲಕ್ಕ ನನ್ನ ಕಡೆ ತಿರುಗಿತು. "ಏನು ಸುಮ್ಕೆ ಕುಂತಿದೀಯ? ಭಾಷೆ ವಾಪಸ್ ಕೊಟ್ಟೀನಿ. ಬರ್ಕ. ಇದು ಟಿ.ವಿ.ದಲ್ಲ, ಮನೇದು."

ಬರೆದೆ. ಪುಟದ ಮೇಲೆ ಕಣ್ಣೀರು ಬಿದ್ದು ಎರಡು ಸಾಲು ಕದಡಿತು. ಶನಿವಾರ ಬೆಳಿಗ್ಗೆ ಯಲ್ಲಕ್ಕ ಹೊಳಲ್ಕೆರೆಯ ಶಿಬಿರದಲ್ಲಿ ತಪಾಸಣೆಗೆ ಕೂತಿತ್ತು. ಮಧ್ಯಾಹ್ನ ನಾನು ಸರ್ ಮೇಜಿನ ಮೇಲೆ ವರದಿ ಇಟ್ಟೆ. ಈ ಸಲ ಸುಳ್ಳುಗಳನ್ನು ಸುಳ್ಳು ಅಂತಲೇ ಬರೆದಿದ್ದೆ, ನನ್ನ ಪೆದ್ದುತನವನ್ನೂ ಬಿಟ್ಟಿರಲಿಲ್ಲ. ಸರ್ ಒಂದು ಸಲವೂ ಹಸಿರು ಪೆನ್ನು ತೆರೆಯದೆ ಪೂರ್ತಿ ಓದಿದರು. "ಕಣ್ಣು ಬಂದ ಮೇಲೆ ಇನ್ನೊಂದು ಪುಟ ಸೇರಿಸು" ಅಂತ ಮಾತ್ರ ಹೇಳಿದರು.

ಹತ್ತು ದಿನದ ಮೇಲೆ ಚಿತ್ರದುರ್ಗದಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚುವಾಗ ನಾವೆಲ್ಲ ಮಂಚದ ಸುತ್ತ ಉಸಿರು ಬಿಗಿಹಿಡಿದು ನಿಂತಿದ್ದೆವು. ಯಲ್ಲಕ್ಕ ಕಣ್ಣು ಪಿಳಿಪಿಳಿ ಮಾಡಿ ಮೊದಲು ಮಗನನ್ನು ನೋಡಿತು. "ಅಯ್ಯೋ, ತಲೆ ಎಲ್ಲಾ ಬೆಳ್ಳಗಾಗೈತಲ್ಲೋ ನಿಂದು!" ಆಮೇಲೆ ಸೊಸೆಯನ್ನು ನೋಡಿ, "ಸೊರಗಿದೀಯ ಕಣೇ. ಸರಿಯಾಗಿ ಉಣ್ಣು" ಅಂದಿತು. ಆಮೇಲೆ ಆ ಕಣ್ಣು ನನ್ನ ಮೇಲೆ ಬಂದು ನಿಂತಿತು.

"ಈ ಹುಡ್ಗಿ ಯಾರು?"

"ನಾನಜ್ಜಿ."

ದನಿ ಕೇಳಿದ್ದೇ ತಡ, ಯಲ್ಲಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಿತು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿತು, ಕಾಲಿನಿಂದ ಮತ್ತೆ ತಲೆಯವರೆಗೆ ನೋಡಿತು. "ಇಷ್ಟೇನಾ ನೀನು! ದನಿ ಕೇಳಿ ಆರಡಿ ಆಳು ಅಂದ್ಕಂಡಿದ್ನಲ್ಲೇ! ಈ ಚೋಟುದ್ದದ ಹುಡ್ಗೀಗಾ ನಾನು ಅಷ್ಟೊಂದು ಸುಳ್ಳು ಹೇಳಿದ್ದು?" ಅಂತ ನನ್ನ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಿತು. ನಾನು ಫೀಲ್ಡ್ ಪುಸ್ತಕ ತೆಗೆದು ಮುಂದೆ ಹಿಡಿದೆ. ಯಲ್ಲಕ್ಕ ನನ್ನ ಕೈ ಸರಿಸಿ, ತಾನೇ ನೋಡಿ, ಗೆರೆ ಎಳೆದ ಜಾಗದಲ್ಲಿ ನೆಟ್ಟಗೆ ಹೆಬ್ಬೆಟ್ಟು ಒತ್ತಿತು. ಆ ಪುಟದಲ್ಲಿ ನಾನು ಒಂದೇ ಸಾಲು ಬರೆದೆ: 'ಇವತ್ತು ಯಲ್ಲಕ್ಕ ನನ್ನ ಮುಖ ನೋಡಿದರು.' ಕ್ಲೈಂಟ್ ಅಂತ ಬರೆಯಲು ಮನಸ್ಸಾಗಲಿಲ್ಲ, ಸರ್ ಕೂಡ ತಿದ್ದಲಿಲ್ಲ.

ನಾನು ಪಾಸಾದೆ. ಅಪ್ಪ ಅದನ್ನು ನಲ್ಲಿ ಬಿಟ್ಟ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದನಂತೆ. ಸುದ್ದಿ ಹೇಳಲು ನಾನು ಹೊಸ ಚಪ್ಪಲಿ ಮೆಟ್ಟಿಕೊಂಡು ಮೇಗಳಹಟ್ಟಿಗೆ ಹೋದೆ. ಕಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಯಲ್ಲಕ್ಕ ಕೂತಿತ್ತು, ಸುತ್ತ ಮರಿಗಳು. ಚಪ್ಪಲಿ ಸದ್ದು ಮಾಡದಿದ್ದರೂ ದೂರದಿಂದಲೇ ನನ್ನನ್ನು ಕಂಡು, "ಬಂದ್ಲು ನೋಡ್ರಿ, ನನ್ನ ಕಣ್ಣು ತಗಂಡು ಪಾಸಾದೋಳು!" ಅಂತ ಓಣಿಗೆಲ್ಲ ಸಾರಿತು.

ಭಾಗ್ಯ ಚಾ ತಂದಳು. ಸಿಹಿಯಾಗಿತ್ತು. ಹೊರಡುವಾಗ ಯಲ್ಲಕ್ಕ ಕನ್ನಡಕ ಮೇಲೆತ್ತಿ, ಇನ್ನೂ ಪೊರೆಯಿದ್ದ ಎಡಗಣ್ಣನ್ನು ಬೆರಳಿನಿಂದ ತೋರಿಸಿತು.

"ಇನ್ನೊಂದು ಹಂಗೇ ಐತೆ ಕಣವ್ವ. ನಿಮ್ಮ ಕ್ಲಾಸಿನಾಗೆ ಫೇಲಾಗೋರು ಇನ್ಯಾರಾದ್ರೂ ಇದ್ರೆ ಕಳ್ಸು. ಬರಿಗೈಲಿ ಕಳಿಸಲ್ಲ."